ಹೆಸರು ತಿರುಗಲಿ, ಮಾಂಸ ಬೇಯಲಿ

ನಮ್ಮೂರು ಹುಲಿಕಲ್. ಮಳೆಗಾಲದಲ್ಲಿ ಬಟ್ಟೆ ಒಣಗದ, ಒಲೆ ಆರದ ಊರು. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ, ಒಣಮೀನು ಸುಟ್ಟು ತಿಂದು ಬೆಳೆದವನು ನಾನು. ಬೆಂಗಳೂರಿಗೆ ಬಂದ ಹೊಸತರಲ್ಲಿ ಫ್ರೇಜರ್ ಟೌನಿನ ಮಾಸ್ಕ್ ರೋಡಲ್ಲಿ ಬೆಂಕಿಯೆದುರು ಗಿರಗಿರ ತಿರುಗುವ ಶವರ್ಮಾ ಕಂಡಾಗ ತಿಂಡಿ ಹೊಸದು ಅನ್ನಿಸಿತು, ವಾಸನೆ ಮಾತ್ರ ಹಳೇದೇ.

ಅಲ್ಲಿವರೆಗೆ ನನಗೆ ಕಬಾಬ್ ಅಂದ್ರೆ ಹೊಸನಗರದ ಪೇಟೆಯಲ್ಲಿ ಸಂಜೆ ಬಾಣಲೆಗೆ ಬೀಳುವ ಕೆಂಪು ಕೋಳಿ ತುಂಡು. ಬೆಂಕಿಯಲ್ಲಿ ಸುಡುವ ಮಾಂಸದ ಹೆಸರನ್ನು ನಾವು ಎಣ್ಣೆಯಲ್ಲಿ ಕರಿದದ್ದಕ್ಕೆ ಇಟ್ಟುಕೊಂಡಿದ್ದೇವೆ. ಆ ಕೆಂಪು ಬಣ್ಣ ಎಷ್ಟು ಅತಿಯಾಯಿತೆಂದರೆ 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧಿಸಬೇಕಾಯಿತು.

ಶವರ್ಮಾ ತಿನ್ನುವಾಗ ಟೀಮಲ್ಲಿ ಒಬ್ಬರಾದರೂ ಹೇಳೋ ಮಾತು: 'ಇದು ಒರಿಜಿನಲ್ ಅಲ್ಲ ಗುರು, ದುಬೈದು ತಿನ್ನಬೇಕು.' ಈ ಒರಿಜಿನಲ್ ಎಲ್ಲಿದೆ ಅಂತ ಹುಡುಕಿದರೆ ಕೈಗೆ ಸಿಗೋದೇ ಇಲ್ಲ. ಟರ್ಕಿಯ ಬುರ್ಸಾ ಊರಿನ ಇಸ್ಕೆಂದರ್ ಎಫೆಂದಿ 1867ರಲ್ಲಿ ಮಾಂಸದ ಕಂಬಿಯನ್ನು ನೆಟ್ಟಗೆ ನಿಲ್ಲಿಸಿದರು ಅಂತ ಅವರ ಮನೆತನದವರು ಹೇಳುತ್ತಾರೆ. ಆದರೆ ಜೇಮ್ಸ್ ರಾಬರ್ಟ್‌ಸನ್ 1855ರಲ್ಲಿ ತೆಗೆದ ಫೋಟೊದಲ್ಲೇ ನೆಟ್ಟಗೆ ನಿಂತ ಡೋನರ್ ಇದೆ. ಎರ್ಜುರುಮ್ ಕಡೆಯ 'ಜಾ' ಕಬಾಬ್ ಇವತ್ತಿಗೂ ಅಡ್ಡಡ್ಡ ಮಲಗಿಯೇ ಸೌದೆ ಬೆಂಕಿಯಲ್ಲಿ ಬೇಯುತ್ತದೆ.

ಡೋನರ್ ಅಂದ್ರೆ ತಿರುಗುವಂಥದ್ದು. ತಿರುಗಿಸೋದು ಅನ್ನುವ 'ಚೆವಿರ್ಮೆ' ಅರಬರ ಬಾಯಲ್ಲಿ ಶವರ್ಮಾ ಆಯಿತು. ಗ್ರೀಕರ 'ಯೀರೋಸ್' ಕೂಡ ಸುತ್ತು ಅಂತಲೇ. ಬುರ್ಸಾದಲ್ಲಿ ಇದನ್ನು ರೊಟ್ಟಿ ಚೂರುಗಳ ಮೇಲೆ ಹರಡಿ ಟೊಮೆಟೊ ಸಾಸ್, ಕಾಯಿಸಿದ ಬೆಣ್ಣೆ, ಮೊಸರಿನ ಜೊತೆ ಕೊಡುತ್ತಾರೆ. ಲೆಬನಾನಿನಲ್ಲಿ ತೆಳು ರೊಟ್ಟಿ, ಉಪ್ಪಿನಲ್ಲಿಟ್ಟ ತರಕಾರಿ, ಬೆಳ್ಳುಳ್ಳಿಯ 'ತೂಮ್'. ಲೆಬನಾನಿನ ವಲಸಿಗರಿಂದ ಮೆಕ್ಸಿಕೊಗೆ ಹೋಗಿ ಹಂದಿಮಾಂಸ, ಮೆಣಸಿನಕಾಯಿ, ಅನಾನಸ್ ಸೇರಿದ 'ಅಲ್ ಪಾಸ್ತೋರ್' ಆಯಿತು. ಬರ್ಲಿನ್ನಿನ ಟರ್ಕಿ ಕಾರ್ಮಿಕರು ಬ್ರೆಡ್ಡಿನೊಳಗೆ ತುಂಬಿ ಕೈಗೆ ಕೊಟ್ಟರು. 2022ರಲ್ಲಿ ಟರ್ಕಿಯ ಒಂದು ಸಂಘಟನೆ ಡೋನರ್ ಹೆಸರಿಗೆ ಐರೋಪ್ಯ ಒಕ್ಕೂಟದ ರಕ್ಷಣೆ ಕೇಳಿದಾಗ ಜರ್ಮನಿ ತಕರಾರು ತೆಗೆಯಿತು.

ಹೀಗಿರುವಾಗ, ಗಲ್ಫಿಗೆ ದುಡಿಯಲು ಹೋದವರ ಜೊತೆ ಕೇರಳ, ಮಂಗಳೂರಿಗೆ ಬಂದು ಘಟ್ಟ ಹತ್ತಿದ ನಮ್ಮ ಶವರ್ಮಾ ರುಮಾಲಿ ರೊಟ್ಟಿಯಲ್ಲಿ ಸುತ್ತಿಕೊಂಡರೆ, ಒಳಗೆ ಫ್ರೆಂಚ್ ಫ್ರೈಸ್ ತುರುಕಿಕೊಂಡರೆ ನನ್ನ ಆಕ್ಷೇಪವಿಲ್ಲ. ನನ್ನ ಆಕ್ಷೇಪ ಬೇರೆ, ಅದು ಬೆಂಕಿಯ ಬಗ್ಗೆ.

ಈ ಅಡುಗೆಯ ಬುದ್ಧಿವಂತಿಕೆ ಇಷ್ಟೇ: ಹೊರಪದರ ಮಾತ್ರ ಬೇಯುತ್ತದೆ, ಬೆಂದಷ್ಟನ್ನೇ ತೆಳ್ಳಗೆ ಹೆರೆಯಬೇಕು, ಮುಂದಿನ ಪದರಕ್ಕೆ ಕಾಯಬೇಕು. ಮೇಲಿನ ಕೊಬ್ಬು ಕರಗಿ ಕೆಳಗಿನ ಮಾಂಸಕ್ಕೆ ಇಳಿಯಲೂ ಹೊತ್ತು ಬೇಕು. ನಮ್ಮ ಅಂಗಡಿಗಳಲ್ಲಿ ಎಂಟು ಗಂಟೆಯ ರಶ್ ಬಂತೆಂದರೆ ಚಾಕು ಬೆಂಕಿಗಿಂತ ಮುಂದೆ ಓಡುತ್ತದೆ. ಒಳಗಿನ ಹಸಿ ಮಾಂಸವೂ ರೊಟ್ಟಿಗೆ ಬೀಳುತ್ತದೆ. ಹೆರೆದದ್ದನ್ನು ಇನ್ನೊಮ್ಮೆ ತವಾಕ್ಕೆ ಹಾಕುವ ಅಂಗಡಿಯವನನ್ನು 'ಒರಿಜಿನಲ್ ಅಲ್ಲ' ಅಂತ ನಗಬೇಡಿ. ಅವನೇ ವಾಸಿ. ತೂಮ್‌ನ ಜಾಗಕ್ಕೆ ಬಂದ ಹಸಿಮೊಟ್ಟೆಯ ಮಯೊನೀಸ್ ಇನ್ನೊಂದು ತಲೆನೋವು. 2022ರ ಮೇನಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಮರುವರ್ಷ ಜನವರಿಯಲ್ಲಿ ಕೇರಳ ಹಸಿಮೊಟ್ಟೆ ಮಯೊನೀಸನ್ನು ನಿಷೇಧಿಸಿತು.

ಪೇಪರಲ್ಲಿ ಓದಿ ಮರೆತಿದ್ದೆ. ಆಮೇಲೊಂದು ದಿನ ಶಿವಮೊಗ್ಗದಲ್ಲಿ ಪಿಯುಸಿ ಓದುವ ಅಕ್ಕನ ಮಗ ಶವರ್ಮಾ ತಿಂದು ಎರಡು ದಿನ ಡ್ರಿಪ್ಸ್ ಹಾಕಿಸಿಕೊಂಡು ಮಲಗಿದ. ಅಕ್ಕ ಫೋನಲ್ಲಿ, 'ಬೆಂಗ್ಳೂರಿಗೆ ಬಂದಾಗ ಅವನಿಗೆ ಈ ರುಚಿ ಹತ್ತಿಸಿದ್ದು ನೀನೇ ಅಲ್ವನಾ?' ಅಂದಳು. ಹೌದು, ನಾನೇ. ಯಾವ ಅಂಗಡೀದು ಚೆನ್ನಾಗಿರುತ್ತೆ ಅಂತ ಅವನಿಗೆ ಪಾಠ ಮಾಡಿದ್ದೆ. ಬೆಂದಿದೆಯಾ ನೋಡು ಅಂತ ಮಾತ್ರ ಹೇಳಿರಲಿಲ್ಲ. ಬಚ್ಚಲೊಲೆ ಮುಂದೆ ಅಮ್ಮ ನಮಗೆ ದಿನಾ ಹೇಳುತ್ತಿದ್ದದ್ದು ಅದೊಂದೇ.

ನಾನು ಶವರ್ಮಾ ಬಿಟ್ಟಿಲ್ಲ. ಈಗ ರೇಟಿಂಗ್ ನೋಡುವ ಬದಲು ಐದು ನಿಮಿಷ ಅಂಗಡಿಯವನ ಕೈ ನೋಡುತ್ತೇನೆ. ಗಿರಾಕಿಗಳನ್ನು ಕಾಯಿಸಿ ಮಾಂಸ ಬೇಯಲು ಬಿಡುವವನಾದರೆ ಅಲ್ಲೇ ತಿನ್ನುತ್ತೇನೆ. ಅವನು ತಡ ಮಾಡುತ್ತಾನೆ ಅಂತ ದಯವಿಟ್ಟು ಒಂದು ಸ್ಟಾರ್ ಕಡಿಮೆ ಕೊಡಬೇಡಿ.