‘ಶಿಕಾರಿ’ಯಲ್ಲಿ ಒಡೆಯರೂ ಉದ್ಯೋಗಿಯೂ

ಯಶವಂತ ಚಿತ್ತಾಲರ ‘ಶಿಕಾರಿ’ ೧೯೭೯ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕಥಾನಾಯಕನ ಅಂತರಂಗದ ಸುತ್ತಲೇ ಸುಳಿದಿದೆ. ಭೀತಿ, ಏಕಾಕಿತನ, ಅಸ್ತಿತ್ವದ ತಳಮಳ ಎಂಬೀ ಮಾತುಗಳು ನವ್ಯ ವಿಮರ್ಶೆಗೆ ಬಲು ಪ್ರಿಯವಾದವು. ಈ ಕೃತಿಗೆ ಅವು ಸಲ್ಲದವೇನೂ ಅಲ್ಲ. ಆದರೆ ನಾಗಪ್ಪನ ಸಂಕಟ ಆಕಾಶದಿಂದ ಇಳಿದುದಲ್ಲ. ಮುಂಬಯಿಯ ದೊಡ್ಡ ಕಂಪನಿಯೊಂದರ ಮೇಲಧಿಕಾರಿಗಳು ಅವನನ್ನು ಕೆಲಸದಿಂದ ದೂರವಿರಿಸಿದುದೇ ಅದರ ಮೂಲ. ಈ ಸರಳ ಸಂಗತಿಯನ್ನು ಕೇವಲ ನೆಪವೆಂದು ಬದಿಗೊತ್ತಿದರೆ ಕಾದಂಬರಿಯ ಅರ್ಧ ಸತ್ತ್ವವೇ ಕೈಬಿಟ್ಟುಹೋಗುತ್ತದೆ.

ಈ ಕೃತಿಯ ಮಾತು ಬಂದಾಗ ಕಾಫ್ಕಾನ ‘ದಿ ಟ್ರಯಲ್’ ನೆನಪಾಗುವುದು ಸಹಜ. ಅಲ್ಲಿಯೂ ತನ್ನ ಮೇಲಿನ ಆರೋಪವೇನೆಂದು ಅರಿಯದವನೊಬ್ಬ ವಿಚಾರಣೆಗೆ ಗುರಿಯಾಗುತ್ತಾನೆ. ಸಾಮ್ಯವನ್ನು ಹೇಳಿ ಸುಮ್ಮನಾಗುವುದಕ್ಕಿಂತ ಭೇದವನ್ನು ಗಮನಿಸುವುದು ಹೆಚ್ಚು ಫಲಕಾರಿ. ಜೋಸೆಫ್ ಕೆ. ಬಂಧನಕ್ಕೊಳಗಾದ ಮೇಲೆಯೂ ಎಂದಿನಂತೆ ತನ್ನ ಬ್ಯಾಂಕಿಗೆ ಹೋಗಬಹುದು. ಉದ್ಯೋಗ ಅವನ ಪಾಲಿಗೆ ಉಳಿದೇ ಇರುತ್ತದೆ. ನಾಗಪ್ಪನಿಗಾದರೋ ಆ ಉದ್ಯೋಗವೇ ನ್ಯಾಯಾಲಯ, ಅದರಿಂದ ಹೊರಗಿರುವುದೇ ಶಿಕ್ಷೆ. ಉತ್ತರ ಕನ್ನಡದ ಹಳ್ಳಿಯಿಂದ ಬಂದು ವಿದ್ಯೆಯೊಂದನ್ನೇ ನಂಬಿ ಮೇಲೇರಿದವನಿಗೆ ಮುಂಬಯಿಯಲ್ಲಿ ಕುಲವಿಲ್ಲ, ನೆಲವಿಲ್ಲ. ಇರುವುದು ಹುದ್ದೆ ಮಾತ್ರ. ಅದು ಅಲುಗಿದೊಡನೆ ಅವನು ಯಾರೆಂಬುದೇ ಸಂಶಯಕ್ಕೀಡಾಗುತ್ತದೆ. ಹೊರನಾಡ ಕನ್ನಡಿಗರಿಗೆ ಈ ಸ್ಥಿತಿಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಚಿತ್ತಾಲರ ಆಯ್ಕೆಯ ಮಹತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ೧೯೪೬ರ ಸ್ಥಾಯಿ ಆದೇಶಗಳ ಕಾಯಿದೆಯೂ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯೂ ಅಂದು ಕಾರ್ಮಿಕನಿಗೆ ಒಂದಿಷ್ಟು ರಕ್ಷಣೆಯನ್ನು ಒದಗಿಸಿದ್ದುವು. ೧೯೬೫ರ ತಿದ್ದುಪಡಿಯಿಂದಾಗಿ, ವಜಾ ಆದ ಒಬ್ಬನೇ ಕಾರ್ಮಿಕನ ದೂರೂ, ಸಂಘದ ಬೆಂಬಲವಿಲ್ಲದಿದ್ದರೂ, ಕೈಗಾರಿಕಾ ವಿವಾದವೆನಿಸುವಂತಾಯಿತು. ಆದರೆ ಆಡಳಿತಾಧಿಕಾರದ ಹುದ್ದೆಯವರು ಆ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ರಾಗಿರಲಿಲ್ಲ, ಮೇಲ್ವಿಚಾರಣೆಯ ಕೆಲಸದಲ್ಲಿ ತಿಂಗಳಿಗೆ ೫೦೦ ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರೂ ಕಾದಂಬರಿ ಹೊರಬಂದ ಕಾಲಕ್ಕೆ ಹೊರಗೇ ಇದ್ದರು. ಹೀಗಾಗಿ ಯಂತ್ರದ ಮುಂದೆ ನಿಂತವನಿಗಿದ್ದ ಆಸರೆ ಅಧಿಕಾರಿಗಿರಲಿಲ್ಲ. ಅವನ ಪಾಲಿಗೆ ಉಳಿದುದು ಕರಾರುಪತ್ರದ ಶರತ್ತುಗಳು ಮತ್ತು ಮೇಲಿನವರ ಮರ್ಜಿ. ಬಡ್ತಿಯೆಂದು ಸಂಭ್ರಮಿಸಿ ಏರಿದ ಮೆಟ್ಟಲೇ ರಕ್ಷಣೆಯಿಂದ ಹೊರಗೆ ಇಳಿಯುವ ಮೆಟ್ಟಲೂ ಆಗುತ್ತಿತ್ತೆಂಬುದು ವಿಚಿತ್ರವಾದರೂ ವಾಸ್ತವ.

ಚಿತ್ತಾಲರು ಈ ಕಾನೂನಿನ ವಿವರಗಳನ್ನು ಚರ್ಚಿಸಲು ಹೊರಟವರಲ್ಲ. ಪ್ಲಾಸ್ಟಿಕ್ ತಂತ್ರಜ್ಞರಾಗಿ ಉದ್ಯಮಲೋಕದಲ್ಲಿಯೇ ಬಾಳಿದ ಅವರಿಗೆ ಅಲ್ಲಿನ ಗಾಳಿಯ ಪರಿಚಯವಿತ್ತು. (ಹಾಗೆಂದು ಕಾದಂಬರಿಯ ಕಂಪನಿಯನ್ನು ಮುಂಬಯಿಯ ರಸ್ತೆಗಳಲ್ಲಿ ಹುಡುಕುತ್ತ ಹೋಗುವುದು ವಿಮರ್ಶೆಯಲ್ಲ, ಹರಟೆ.) ಅವರು ಬಲ್ಲುದು ಬೇಟೆಯ ವಿಧಾನ. ಬೇಟೆಗಾರ ಇಲ್ಲಿ ಗದರುವುದಿಲ್ಲ, ಸೌಜನ್ಯದಿಂದಲೇ ಮಾತಾಡುತ್ತಾನೆ. ಯಾವ ತಪ್ಪಿಗೆ ಯಾರು ಸಾಕ್ಷಿ ಎಂಬುದು ತಿಳಿಯದೆಹೋದಾಗ ಬೇಟೆಗೆ ಗುರಿಯಾದವನು ತನ್ನ ಗತಜೀವನವನ್ನೆಲ್ಲ ತಾನೇ ಕೆದಕಿ, ತನ್ನ ಮೇಲೆ ತಾನೇ ಆರೋಪಪಟ್ಟಿಯನ್ನು ರಚಿಸಿಕೊಳ್ಳುತ್ತಾನೆ. ಆರೋಪವನ್ನು ಬಾಯಿಬಿಟ್ಟು ಹೇಳದಿರುವುದರಿಂದ ಆಡಳಿತಕ್ಕೆ ಆಗುವ ಲಾಭ ಇದು. ಹೆಸರಿಟ್ಟ ಆರೋಪಕ್ಕೆ ಉತ್ತರವಿರುತ್ತದೆ. ಹೆಸರಿಲ್ಲದ ಆರೋಪಕ್ಕೆ ಮನುಷ್ಯನ ಇಡೀ ಜನ್ಮವೇ ಉತ್ತರವಾಗಬೇಕಾಗುತ್ತದೆ. ನಾಗಪ್ಪನ ಶಂಕಾಕುಲತೆಯನ್ನು ಮನೋರೋಗವೆಂದು ಮಾತ್ರ ಓದುವವರು, ಅದು ಎಂಥ ವ್ಯವಸ್ಥೆಯ ಬೆಳೆ ಎಂಬುದನ್ನು ಮರೆಯುತ್ತಾರೆ. ಫಿರೋಜ್ ಬಂದೂಕವಾಲಾನಂಥ ಮೇಲಧಿಕಾರಿ ದುಷ್ಟನೋ ಅಲ್ಲವೋ ಎಂಬ ಪ್ರಶ್ನೆ ಕೂಡ ಇಲ್ಲಿ ಗೌಣವೇ. ಅವನ ಜಾಗದಲ್ಲಿ ಸಜ್ಜನನೊಬ್ಬ ಕುಳಿತಿದ್ದರೂ, ಉತ್ತರ ಕೊಡಬೇಕಾಗಿಲ್ಲದ ಅಧಿಕಾರ ಅವನ ಕೈಯಲ್ಲಿಯೂ ಹಾಗೆಯೇ ಇರುತ್ತಿತ್ತು.

ಕೃತಿಯ ಮಿತಿಯೊಂದನ್ನು ಹೇಳದಿರುವಂತಿಲ್ಲ. ಕಾದಂಬರಿಯ ಬೆಳಕು ಸಂಪೂರ್ಣವಾಗಿ ಒಬ್ಬನ ಮೇಲೆಯೇ ಬಿದ್ದಿರುವುದರಿಂದ, ಅಧಿಕಾರಿಯಾಗಿ ನಾಗಪ್ಪನೂ ತನ್ನ ಕೆಳಗಿನವರ ಪಾಲಿಗೆ ಆಡಳಿತವೇ ಆಗಿದ್ದನಲ್ಲವೇ ಎಂಬ ಪ್ರಶ್ನೆಗೆ ಸಾಕಷ್ಟು ಅವಕಾಶ ದೊರೆತಿಲ್ಲ. ಬೇಟೆಯಾದವನ ನೋವು ಎಷ್ಟು ನಿಜವೋ, ಅವನು ನಿನ್ನೆಯವರೆಗೆ ಆ ಶಿಕಾರಿಯ ತಂಡದಲ್ಲಿಯೇ ಇದ್ದನೆಂಬುದೂ ಅಷ್ಟೇ ನಿಜ. ಕಾರ್ಮಿಕ ಸಂಘಟನೆಯ ಜಗತ್ತನ್ನು ಕಾಣಬಯಸುವವರು ಮುಂಬಯಿಯವರೇ ಆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ಹೋಗಬೇಕು, ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕಾದಂಬರಿ ಒಬ್ಬನ ಅಳಲಿಗಿಂತ ಹಲವರ ಹೋರಾಟಕ್ಕೆ ಗಮನ ಕೊಡುತ್ತದೆ. ಬಲ್ಲಾಳರಲ್ಲಿ ಕಾಣುವ ಸಂಘ ನಾಗಪ್ಪನಿಗಿಲ್ಲ. ನಾಗಪ್ಪ ಒಂಟಿಯಾಗಿ ಅನುಭವಿಸುವ ಆ ನಿಶ್ಶಬ್ದ ಭಯವನ್ನು ‘ಶಿಕಾರಿ’ಯಷ್ಟು ಸೂಕ್ಷ್ಮವಾಗಿ ಹಿಡಿದ ಕನ್ನಡ ಕೃತಿಗಳು ವಿರಳ. ಎರಡನ್ನೂ ಒಟ್ಟಿಗೆ ಇಟ್ಟು ಓದುವ ಕೆಲಸ ಇನ್ನೂ ಆಗಬೇಕಾಗಿದೆ.