ಹೊಳೆದಂಡೆಯವರಿಗೆ ಬೇಕಿರುವುದು ಉಪದೇಶವಲ್ಲ

ಹೊಳೆ ಉಕ್ಕಿ ಮನೆಗೆ ನೀರು ನುಗ್ಗಲಿ, ಮಳೆ ಕೈಕೊಟ್ಟು ಪೈರು ಒಣಗಲಿ, ನಮ್ಮಲ್ಲಿ ಕೇಳಿಬರುವ ಸಮಾಧಾನ ಒಂದೇ: ಬದುಕೇ ಅನಿಶ್ಚಿತ, ಒಪ್ಪಿಕೊಂಡು ಬಾಳಬೇಕು. ಪ್ರವಚನಗಳಲ್ಲೂ ಇದೇ ಮಾತು, ಮನಶ್ಶಾಂತಿಯ ಪುಸ್ತಕಗಳಲ್ಲೂ ಇದೇ ಮಾತು. ಅದು ಸುಳ್ಳಲ್ಲ. ಆದರೆ ಹೇಳುವವರ ಮನೆ ಎತ್ತರದಲ್ಲಿರುತ್ತದೆ, ಕೇಳಿಸಿಕೊಳ್ಳಬೇಕಾದವರದು ದಂಡೆಯಲ್ಲಿ. ಈ ಉಪದೇಶ ಎಲ್ಲಿ ದಾರಿ ತಪ್ಪುತ್ತದೆಂದು ತಿಳಿಯಲು ನಂಜನಗೂಡು, ತಿ. ನರಸೀಪುರಗಳ ಕಳೆದ ಕೆಲವು ವರ್ಷಗಳನ್ನು ನೋಡಿದರೆ ಸಾಕು.

ನಂಜನಗೂಡಿನ ಹೊಳೆ ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮುಂಗಾರು ಎಷ್ಟು ಬಿರುಸಾದೀತೆಂದು ಮೇ ತಿಂಗಳಲ್ಲಿ ಯಾರೂ ಹೇಳಲಾರರು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದ ಮೇಲೆ, ಹೊಳೆ ಇನ್ನು ನಮ್ಮ ಅಂಕೆಯಲ್ಲಿದೆ ಎಂದು ನಂಬಿದೆವು. ಆದರೆ ಜಲಾಶಯ ಸಣ್ಣದು. ಕಾವೇರಿಯ ಕೆ.ಆರ್.ಎಸ್. 49 ಟಿಎಂಸಿ ಅಡಿ ಹಿಡಿದರೆ ಕಬಿನಿ ಹಿಡಿಯುವುದು 19.52. ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟೂ ಕೆಳಕ್ಕೆ ಬಿಡಲೇಬೇಕು. 2018ರ ಆಗಸ್ಟ್‌ನಲ್ಲಿ ಹೀಗಾಯಿತು, 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು, 2024ರಲ್ಲಿ ಮತ್ತೆ ಪ್ರವಾಹ. ಆಗೆಲ್ಲ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ, ಮಲ್ಲನಮೂಲೆಯ ಬಳಿ ಮೈಸೂರು–ಊಟಿ ರಸ್ತೆಯ ಮೇಲೆ ನೀರು ಹರಿಯುತ್ತದೆ, ತಗ್ಗಿನ ಬೀದಿಗಳವರು ಗಂಟುಮೂಟೆ ಕಟ್ಟಿ ಕಾಳಜಿ ಕೇಂದ್ರಕ್ಕೆ ನಡೆಯುತ್ತಾರೆ. ತಿ. ನರಸೀಪುರದ ಪಾಡು ಇನ್ನೂ ಕಷ್ಟ: ಕಾವೇರಿಯೂ ಕಪಿಲೆಯೂ ಕೂಡುವ ಊರಾದ್ದರಿಂದ ಎರಡು ಅಣೆಕಟ್ಟೆಗಳ ನೀರೂ ಅಲ್ಲಿಗೇ ಬರಬೇಕು. ಈ ಪ್ರವಾಹಗಳ ನಡುವೆಯೇ 2023 ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು.

ಇಷ್ಟರಲ್ಲಿ ಅನಿಶ್ಚಿತವಾದದ್ದು ಯಾವುದು? ವಯನಾಡಿನ ಮೋಡ ಮಾತ್ರ. ಇಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಬೀದಿಗೆ ನೀರು ಬರುತ್ತದೆ, ರಸ್ತೆ ಎಲ್ಲಿ ಮುಳುಗುತ್ತದೆ ಎಂಬುದು ಮೂರು ಪ್ರವಾಹಗಳ ನಂತರ ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿರುವುದನ್ನು ಗೊತ್ತಿಲ್ಲದ್ದರ ಜೊತೆ ಸೇರಿಸಿ, ಎರಡಕ್ಕೂ ವಿಧಿ ಎಂದು ಹೆಸರಿಟ್ಟು, ಒಪ್ಪಿಕೊಳ್ಳಿ ಎನ್ನುವುದು ನನಗೆ ಸಂತೈಕೆಯಾಗಿ ಕಾಣುವುದಿಲ್ಲ. ಅದು ಹೊಣೆ ತಪ್ಪಿಸಿಕೊಳ್ಳುವ ದಾರಿ.

ಅನಿಶ್ಚಯವನ್ನು ನಿಜವಾಗಿ ಒಪ್ಪಿಕೊಂಡವರು ಈ ಸೀಮೆಯಲ್ಲೇ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಮಳೆಯಾಶ್ರಯದ ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವ ರೈತ, ಮಳೆ ಬರುತ್ತದೆಂದೂ ಬರುವುದಿಲ್ಲವೆಂದೂ ನಂಬಿ ಕೂತವನಲ್ಲ. ರಾಗಿ ಹೋದರೆ ಅವರೆ, ಅವರೆ ಹೋದರೆ ದನಕ್ಕೆ ಮೇವು ಎಂದು ಮೊದಲೇ ಏರ್ಪಾಡು ಮಾಡಿಕೊಂಡವನು. ಆದರೆ ನಾಲೆಯ ನೀರು ಬಂದ ಕಡೆ ಒಂದೇ ಬೆಳೆಗೆ ಪೂರ್ತಿ ಹೊಲ ಕೊಟ್ಟೆವು. ನೀರು ಖಾತ್ರಿ ಎಂಬ ಭರವಸೆಯೇ ಅದಕ್ಕೆ ಕಾರಣ. ನಾಲೆ ಬೇಡವೆನ್ನುತ್ತಿಲ್ಲ, ಅದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. ನಾಲೆ ಒಣಗುವ ವರ್ಷಕ್ಕೆ ಏನು ಎಂಬ ಪ್ರಶ್ನೆಯನ್ನು ಬಿಟ್ಟುಬಿಟ್ಟದ್ದು ತಪ್ಪು.

ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದೆಂದು ಬಗೆದು, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಉರುಳು ಸೇವೆ ಮಾಡುವವರನ್ನು ಕೈಲಾಗದವರೆಂದು ಜರೆಯುವ ವಿಚಾರವಂತರೊಂದಿಗೂ ನನಗೆ ಜಗಳವಿದೆ. ಹರಕೆ ಹೊತ್ತ ತಾಯಿ ಮಗುವನ್ನು ಆಸ್ಪತ್ರೆಗೂ ಒಯ್ಯುತ್ತಾಳೆ. ನಂಬಿಕೆ ಆಕೆಯ ಕೈಕಟ್ಟಿಲ್ಲ.

ದಂಡೆ ಬಿಟ್ಟು ಹೋಗಲಿ ಎನ್ನುವವರೂ ಇದ್ದಾರೆ. ಸ್ನಾನಘಟ್ಟವನ್ನೇ ನಂಬಿ ಹೂವು, ಹಣ್ಣುಕಾಯಿ ಮಾರುವವರು, ಮುಡಿ ತೆಗೆಯುವವರು, ಮೀನು ಹಿಡಿಯುವವರು ಎಲ್ಲಿಗೆ ಹೋಗಬೇಕು? ದುಡಿಮೆಗೆ ಹತ್ತಿರದಲ್ಲಿ, ಎತ್ತರದ ಜಾಗದಲ್ಲಿ ನಿವೇಶನ ಕೊಟ್ಟ ಮೇಲೆ ಆ ಮಾತಾಡಲಿ.

ಅಲ್ಲಿಯವರೆಗೆ ದಂಡೆಯವರಿಗೆ ಬೇಕಿರುವುದು ಅರ್ಥವಾಗುವ ಮುನ್ನೆಚ್ಚರಿಕೆ. ಅಣೆಕಟ್ಟೆಯಿಂದ ಬಿಡುವ ನೀರಿನ ಕ್ಯೂಸೆಕ್ ಲೆಕ್ಕವನ್ನು ಮೈಕಿನಲ್ಲಿ ಕೂಗಿದರೆ ಮನೆಯಲ್ಲಿರುವ ಅಜ್ಜಿಗೆ ಏನೂ ತಿಳಿಯದು. ಐವತ್ತು ಸಾವಿರಕ್ಕೆ ಎಲ್ಲಿಯವರೆಗೆ, ಲಕ್ಷಕ್ಕೆ ಎಲ್ಲಿಯವರೆಗೆ ನೀರು ಬರುತ್ತದೆಂದು ಎರಡೂ ಊರುಗಳ ತಗ್ಗಿನ ಬೀದಿಗಳ ಗೋಡೆಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ. ಮುಂಗಾರಿಗೆ ಮೊದಲೇ, ಯಾವ ಬೀದಿಯವರು ಯಾವ ಶಾಲೆಗೆ ಹೋಗಬೇಕು, ದನಕರುಗಳನ್ನು ಎಲ್ಲಿ ಕಟ್ಟಬೇಕು ಎಂದು ಮನೆಮನೆಗೆ ತಿಳಿಸಿರಿ. ಪುರಸಭೆ, ನಗರಸಭೆ, ತಾಲ್ಲೂಕು ಆಡಳಿತಗಳು ಇದನ್ನು ಮೇ ತಿಂಗಳೊಳಗೆ ಮಾಡಿ ಮುಗಿಸಬೇಕು.