ಉಪ್ಪು ಕಾಗದಕ್ಕೆ ಮೊದಲು ಒಂದು ಹನಿ ಸ್ಪಿರಿಟ್

ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಿಂದ ಮನೆಗೆ ಬರುವ ಬೀಟೆಯ ಕುರ್ಚಿ ಕಪ್ಪಗಿರುತ್ತದೆ. ಆ ಕಪ್ಪೆಲ್ಲ ಮರದ್ದಲ್ಲ. ವರ್ಷಗಟ್ಟಲೆ ಕೈಬೆವರು, ತಲೆಯೆಣ್ಣೆ, ಒಲೆಯ ಹೊಗೆ ಸೇರಿ ಕಟ್ಟಿದ ಪೊರೆ. ಅದನ್ನು ಕಂಡೊಡನೆ ಉಪ್ಪು ಕಾಗದ ಕೈಗೆತ್ತಿಕೊಳ್ಳುವವರೇ ಹೆಚ್ಚು. ಎತ್ತಿಕೊಳ್ಳಬೇಕಾದ್ದು ಸ್ಪಿರಿಟ್ ಬಾಟಲಿ. ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಒಂದು ಹನಿ ಬಿಟ್ಟು, ತುಸು ತಡೆದು ಬೆರಳಿಟ್ಟಾಗ ಅಂಟಿದರೆ ಮೇಲಿರುವುದು ಅರಗು, ಅಂದರೆ ಬಡಗಿಗಳ ಫ್ರೆಂಚ್ ಪಾಲಿಶ್. ಹನಿ ಹಾಗೇ ಆರಿಹೋದರೆ ವಾರ್ನಿಶ್ ಅಥವಾ ಪಿಯು, ಅಂದರೆ ಪಾಲಿಯುರೆಥೇನ್. ಬಣ್ಣ ಬಳಿದ ಸಾಮಾನಾದರೆ ಬೇರೆ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬಾರದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಕೆಲಸವನ್ನೇ ಹಚ್ಚಿಕೊಳ್ಳಬಾರದು.

ಅರಗೆಂದು ಖಾತ್ರಿಯಾದರೆ ಅರ್ಧ ಕೆಲಸ ಉಳಿಯಿತು. ಟರ್ಪೆಂಟೈನ್ ಅದ್ದಿದ ಬಟ್ಟೆಗೆ ಕೊಳೆ ಬರುತ್ತದೆ, ಅರಗು ಬರುವುದಿಲ್ಲ. ಆಮೇಲೆ ಸ್ಪಿರಿಟ್ಟಿನಲ್ಲಿ ತೇವ ಮಾಡಿದ ಬಟ್ಟೆಯುಂಡೆಯನ್ನು ಹಗುರಾಗಿ ಆಡಿಸಿದರೆ ಬಿರುಕುಬಿಟ್ಟ ಹಳೆಯ ಪಾಲಿಶ್ ಕರಗಿ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ. ಉಪ್ಪು ಕಾಗದ ಬೇಕಾಗುವುದು ಪೆಟ್ಟು ತಿಂದ ಜಾಗಕ್ಕೆ ಮಾತ್ರ: ಮೊದಲು 120ನೇ ನಂಬರು, ಕೊನೆಗೆ 220, ಯಾವಾಗಲೂ ಮರದ ಎಳೆಯ ಜಾಡಿನಲ್ಲೇ. ಅಲುಗಾಡುವ ಕೀಲುಗಳನ್ನು ಬಿಚ್ಚಿ, ಹಳೆಯ ಅಂಟನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕೆರೆದೇ ಹೊಸದನ್ನು ಹಚ್ಚಬೇಕು. ಅಂಟಿನ ಮೇಲೆ ಸುರಿದ ಫೆವಿಕಾಲ್ ಮರವನ್ನು ಹಿಡಿಯುವುದಿಲ್ಲ.

ಹೊಸ ಪಾಲಿಶ್ ಹೇಗಿರಬೇಕೆಂಬುದಕ್ಕೆ ಸರ್ಕಾರಿ ಲೋಕೋಪಯೋಗಿ ಕಾಮಗಾರಿ ವಿವರಣೆಯಷ್ಟು ಒಳ್ಳೆಯ ಗದ್ಯ ಮತ್ತೊಂದಿಲ್ಲ. 4.5 ಲೀಟರ್ ಸ್ಪಿರಿಟ್ಟಿಗೆ 0.7 ಕಿಲೋ ಉತ್ತಮ ಅರಗು, ಒಲೆಯ ಮೇಲಿಡದೆ ಕರಗಿಸಬೇಕು ಎನ್ನುತ್ತದೆ ಅದು. ಉಣ್ಣೆಯ ಉಂಡೆಗೆ ನಯವಾದ ಬಟ್ಟೆ ಸುತ್ತಿ, ಒಂದರ ಮೇಲೊಂದು ಬರುವ ಸುತ್ತುಗಳಲ್ಲಿ ಒತ್ತಿ ತಿಕ್ಕಬೇಕು. ಉಂಡೆ ಜಾರಲು ಅಗಸೆ ಎಣ್ಣೆಯ ಸುಳಿವಷ್ಟೇ ಸಾಕು. ಮನೆಯ ಲೆಕ್ಕಕ್ಕೆ ಇಳಿಸಿದರೆ ಲೀಟರಿಗೆ ಸುಮಾರು 150 ಗ್ರಾಂ. ಒಂದೆರಡು ಕುರ್ಚಿಗೆ ಅದರ ಅರ್ಧವೂ ಧಾರಾಳ. ಉಳಿಸಿಟ್ಟ ದ್ರಾವಣ ತಿಂಗಳುಗಳು ಕಳೆದಂತೆ ಒಣಗುವ ಗುಣವನ್ನೇ ಕಳೆದುಕೊಳ್ಳುವುದರಿಂದ ಅರಗಿನ ಚಕ್ಕೆಗಳನ್ನು ಆಗಾಗ ನೆನೆಹಾಕುವುದೇ ಲೇಸು.

ಇಲ್ಲಿ ಪಿಯು ಪಂಥದವರು ತಂಟೆ ತೆಗೆಯುತ್ತಾರೆ. ನೀರಿನ ಲೋಟ ಇಟ್ಟರೆ ಅರಗಿನ ಮೇಲೆ ಬಿಳಿ ಬಳೆ ಮೂಡುತ್ತದೆ, ಬಿಸಿ ಪಾತ್ರೆ ಇಟ್ಟರೆ ಮೆತ್ತಗಾಗುತ್ತದೆ ಎಂಬುದು ಅವರ ದೂರು. ನಿಜವೇ, ಅರಗಿಗೂ ಬೆಂಕಿಗೂ ಆಗಿಬರದೆಂಬುದು ಪಾಂಡವರ ಕಾಲದಿಂದ ತಿಳಿದ ಸಂಗತಿ. ಊಟದ ಮೇಜನ್ನು ಬೇಕಾದರೆ ಅವರಿಗೆ ಬಿಟ್ಟುಕೊಡಬಹುದು. ಆದರೆ ಪಿಯು ಮೇಲೆ ಗೀರು ಬಿದ್ದರೆ ಹೊಸ ಕೋಟು ಹಳೆಯದರೊಳಗೆ ಕರಗಿ ಬೆರೆಯುವುದಿಲ್ಲ. ತೇಪೆ ಎದ್ದು ಕಾಣುತ್ತದೆ. ಅರಗಿನಲ್ಲಿ ಪ್ರತಿ ಹೊಸ ಕೋಟೂ ಕೆಳಗಿನದನ್ನು ಕರಗಿಸಿಕೊಂಡು ಒಂದಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೀಟೆಯೊಳಗಿನ ಎಣ್ಣೆಯಂಥ ಅಂಶ ಪಿಯು ಗಟ್ಟಿಯಾಗುವುದನ್ನು ತಡೆಯುತ್ತದೆ. ದಿನಗಟ್ಟಲೆ ಕಾದರೂ ಜಿಗುಟು ಹೋಗದಿರುವುದುಂಟು. ಆಗ ಪಿಯು ಪಂಥದವರೇ ಸದ್ದಿಲ್ಲದೆ ಅಡಿಗೆ ಒಂದು ಕೈ ಮೇಣ ತೆಗೆದ ಅರಗು ಬಳಿಯುತ್ತಾರೆ. ತೇಗದ ಹಲಗೆಗೆ ಸುಣ್ಣದಂಥ ಚಾಕ್ ಪೇಂಟ್ ಬಳಿದು ಅಂಚುಗಳನ್ನು ಬೇಕೆಂದೇ ಸವೆಸುವ ಇನ್ನೊಂದು ಪಂಥವಿದೆ. ಅವರು ತೇಗದ ಬದಲು ಕಾಡುಮರ ಕೊಂಡರೆ ಹಣವಾದರೂ ಉಳಿದೀತು.

ಫ್ರೆಂಚ್ ಎಂಬ ಹೆಸರು ತಿಕ್ಕುವ ಕೈಚಳಕಕ್ಕೆ ಸಲ್ಲುತ್ತದೆ, ಸರಕಿಗಲ್ಲ. ಅರಗಿನ ಹುಳು ಮುತ್ತುಗ, ಬೋರೆ ಮರಗಳ ರೆಂಬೆಗಳ ಮೇಲೆ ಸುರಿಸುವ ಈ ರಾಳ ಬಹುಪಾಲು ಜಾರ್ಖಂಡ್, ಛತ್ತೀಸಗಢದ ಕಾಡುಗಳಿಂದ ಬರುತ್ತದೆ. ಚನ್ನಪಟ್ಟಣದಲ್ಲಂತೂ ಸ್ಪಿರಿಟ್ಟಿನ ಹಂಗೂ ಇಲ್ಲ. ಚರಕಿಯಲ್ಲಿ ತಿರುಗುವ ಆಲೆಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಕೇದಗೆಯ ಒಣಗರಿಯಿಂದ ಒತ್ತಿದರೆ ಹೊಳಪು. ದುಂಡಗಿನ ವಸ್ತುವಿಗೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಕುರ್ಚಿಯ ಕಾಲು ಕಡೆಯುವವರೂ ಇದನ್ನು ಬಳಸಬಹುದಿತ್ತು.

ಪಾಲಿಶ್ ಕೆಲಸಕ್ಕೆ ಮಳೆಗಾಲ ಕೂಡದು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿದು ಅರಗು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಮಲೆನಾಡಿನಲ್ಲಿ ದೀಪಾವಳಿ ಕಳೆಯುವವರೆಗೆ ಕಾಯುವುದೇ ಸರಿ. ಬೆತ್ತದ ಆಸನವಿದ್ದರೆ ಹೆಣಿಗೆ ಕೊನೆಗೆ. ನೆನೆಸಿದ ಬೆತ್ತ ಒಣಗುತ್ತ ಕುಗ್ಗಿ ತಾನೇ ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಹಾಗಾಗುವುದಿಲ್ಲ. ಇನ್ನು ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಳಗೊಳಗೇ ಕಾವೇರಿ ಬೆಂಕಿ ಹೊತ್ತಬಹುದು. ಅವುಗಳನ್ನು ಬಯಲಲ್ಲಿ ತಂತಿಯ ಮೇಲೆ ಹರಡಿ, ಒಣಗಿ ಸೆಟೆದ ಮೇಲೆ ಬಿಸಾಡಬೇಕು.